ವೋಲ್ಟ್ ಮತ್ತು ಆಂಪಿಯರ್ ಅಳೆದು ರೋಧ, ವಾಟ್ ಲೆಕ್ಕ ಹಾಕಿದರೆ ಉತ್ತರ ಏಕೆ ಹೊಂದುತ್ತಿಲ್ಲ?

ಪ್ರಶ್ನೆ: ಪಾಲಕ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ ಸಿಗುತ್ತದೆ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ ಮೇಲೆ, ಮನೆಯ ಸಾಮಾನುಗಳ ಮೇಲೂ ಈ ಲೆಕ್ಕ ಮಾಡಿ ನೋಡಬೇಕೆಂದು ಪಟ್ಟು ಹಿಡಿದಿದ್ದಾನೆ. ನನ್ನ ಬಳಿ ಮಲ್ಟಿಮೀಟರ್ ಮತ್ತು ತಂತಿಯ ಸುತ್ತ ಹಿಡಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರ್ ಇರುವುದರಿಂದ ಅಳತೆಗಳನ್ನು ನಾನೇ ತೆಗೆದೆ. ಕ್ಲ್ಯಾಂಪ್ ಮೀಟರಿನೊಳಗೆ ಎರಡೂ ತಂತಿಗಳು ಒಟ್ಟಿಗೆ ಹೋದರೆ ಅದು ಸೊನ್ನೆ ತೋರಿಸುತ್ತದೆ ಎಂಬುದು ತಿಳಿದಿರುವುದರಿಂದ, ಎಕ್ಸ್‌ಟೆನ್ಶನ್ ಬೋರ್ಡಿನ ವೈರನ್ನು ಬಿಡಿಸಿ ಫೇಸ್ ತಂತಿಯನ್ನಷ್ಟೇ ಹಿಡಿದಿದ್ದೇನೆ.

ಮೊದಲನೆಯದು ನೀರು ಕಾಯಿಸುವ ಹೀಟರ್ ರಾಡ್. ಅದರ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿದೆ. ಸಂಜೆ ಹೊತ್ತು ಅದನ್ನು ಚಾಲೂ ಮಾಡಿದಾಗ ಪ್ಲಗ್ಗಿನ ಬಳಿ 205 ವೋಲ್ಟ್ ಇತ್ತು, ಪ್ರವಾಹ 3.9 ಆಂಪಿಯರ್ ಇತ್ತು. ಗುಣಿಸಿದರೆ ಸುಮಾರು 800 ವಾಟ್ ಬರುತ್ತದೆ. ಹಾಗಾದರೆ ಅಂಗಡಿಯವರು ನಮಗೆ ಕಳಪೆ ರಾಡ್ ಕೊಟ್ಟಿದ್ದಾರೆಯೇ?

ಎರಡನೆಯದು ಹಳೆಯ ಕಾಲದ 60 ವಾಟಿನ ತಂತಿ ಬಲ್ಬು. ವೋಲ್ಟೇಜಿನ ವರ್ಗವನ್ನು ವಾಟಿನಿಂದ ಭಾಗಿಸಿದರೆ 882 ಓಮ್ ಬರಬೇಕು. ಹೋಲ್ಡರಿನಿಂದ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 63 ಓಮ್ ಮಾತ್ರ ತೋರಿಸುತ್ತದೆ. ಇಷ್ಟು ದೊಡ್ಡ ಅಂತರವನ್ನು ಮೀಟರಿನ ದೋಷ ಎನ್ನಲಾಗದು, ಏಕೆಂದರೆ ರಾಡ್ ವಿಷಯದಲ್ಲಿ ಅದೇ ಮೀಟರ್ 52 ಓಮ್ ತೋರಿಸಿತು, ಮತ್ತು 205ನ್ನು 3.9ರಿಂದ ಭಾಗಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಮೂರನೆಯದು ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. 215 ವೋಲ್ಟಿನಲ್ಲಿ ಅದು 3.5 ಆಂಪಿಯರ್ ಎಳೆಯುತ್ತದೆ. ಭಾಗಿಸಿದರೆ 61 ಓಮ್ ಬರುತ್ತದೆಯಾದರೂ ವೈಂಡಿಂಗಿನ ರೋಧ ಅಳೆದರೆ 9 ಓಮ್ ಇದೆ. ಗುಣಿಸಿದರೆ 752 ವಾಟ್ ಆಗುತ್ತದೆ. ಅರ್ಧ ಎಚ್‌ಪಿ ಎಂದರೆ 373 ವಾಟ್ ಎಂದು ಮಗ ಹೇಳುತ್ತಾನೆ. ಸೂತ್ರ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಭೌತಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ಪಾಲಕರೇ, ನಿಮ್ಮ ಮೂರೂ ಅಳತೆಗಳು ನಂಬತಕ್ಕವೇ. ರೋಧ ಮತ್ತು ಸಾಮರ್ಥ್ಯದ ಲೆಕ್ಕಕ್ಕೆ ಬಳಸುವ ವೋಲ್ಟ್ ಮತ್ತು ಆಂಪಿಯರ್ ಒಂದೇ ವಸ್ತುವಿನವು, ಒಂದೇ ಹೊತ್ತಿನವು, ಆ ವಸ್ತುವಿನ ಒಂದೇ ಸ್ಥಿತಿಯವು ಆಗಿರಬೇಕು. ಈ ಷರತ್ತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಮೋಟಾರಿನ ವಿಷಯವನ್ನು ಅದರಲ್ಲೇ ಕೆಲಸ ಮಾಡುವವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ರಾಡ್ ಕಳಪೆಯಲ್ಲ. ಅದರ ಮೇಲಿನ 1000 ವಾಟ್ ಎಂಬ ಮಾತು ಪಕ್ಕದಲ್ಲಿರುವ 230 ವೋಲ್ಟಿಗೆ ಕಟ್ಟುಬಿದ್ದ ಮಾತು. 230ರ ವರ್ಗವನ್ನು 1000ದಿಂದ ಭಾಗಿಸಿದರೆ 52.9 ಓಮ್ ಬರುತ್ತದೆ. ತಯಾರಿಸುವವರು ರಾಡಿನೊಳಗೆ ಇಡುವುದು ಈ ರೋಧವನ್ನೇ ಹೊರತು ವಾಟನ್ನಲ್ಲ. ವೋಲ್ಟೇಜು 205ಕ್ಕೆ ಇಳಿದಾಗ, 205ರ ವರ್ಗವನ್ನು 52.9ರಿಂದ ಭಾಗಿಸಿದರೆ 794 ವಾಟ್ ಆಗುತ್ತದೆ, ನಿಮ್ಮ ಅಳತೆಗೆ ಅದು ಒಪ್ಪುತ್ತದೆ. ವೋಲ್ಟೇಜು ಶೇಕಡಾ 11ರಷ್ಟು ಇಳಿದರೆ ಸಾಮರ್ಥ್ಯ ಶೇಕಡಾ 20ರಷ್ಟು ಇಳಿಯುವುದೇಕೆಂದರೆ, ವೋಲ್ಟೇಜಿನ ಜೊತೆಗೆ ಪ್ರವಾಹವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಗುಣಲಬ್ಧದಲ್ಲಿ ಎರಡರ ಇಳಿತವೂ ಸೇರುತ್ತದೆ. ಚಳಿಗಾಲದ ಬೆಳಿಗ್ಗೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 16,74,000 ಜೂಲ್ ಶಾಖ ಬೇಕು. ಪೂರ್ಣ 1000 ವಾಟಿನಲ್ಲಿ ಅದಕ್ಕೆ 28 ನಿಮಿಷ ಹಿಡಿದರೆ, 800 ವಾಟಿನಲ್ಲಿ 35 ನಿಮಿಷ ಹಿಡಿಯುತ್ತದೆ. (ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಕೈ ಸುಡುವ ನಮ್ಮ ಜಿಲ್ಲೆಗಳಲ್ಲಿ ಈ ಲೆಕ್ಕದ ಅಗತ್ಯ ಕೆಲವೇ ತಿಂಗಳು ಬೀಳುತ್ತದೆ ಎಂಬುದು ಬೇರೆ ಮಾತು.)

ಬಲ್ಬಿನ ವಿಷಯ ಇದಕ್ಕಿಂತ ಸ್ವಾರಸ್ಯಕರವಾದದ್ದು. ನೀವು ಅಳೆದ 63 ಓಮ್ ತಣ್ಣಗಿರುವ ಟಂಗ್‌ಸ್ಟನ್ ತಂತಿಯದು. ಲೆಕ್ಕದಿಂದ ಬಂದ 882 ಓಮ್ ಉರಿಯುತ್ತಿರುವ ತಂತಿಯದು. ಉರಿಯುವಾಗ ಆ ತಂತಿಯ ತಾಪ ಸುಮಾರು 2400 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ, ಮತ್ತು ಆ ತಾಪದಲ್ಲಿ ಟಂಗ್‌ಸ್ಟನ್ನಿನ ರೋಧ ಕೋಣೆಯ ತಾಪದಲ್ಲಿ ಇರುವುದಕ್ಕಿಂತ ಹದಿಮೂರು ಹದಿನಾಲ್ಕು ಪಟ್ಟು ಹೆಚ್ಚಿರುತ್ತದೆ. ನಿಮ್ಮ ಎರಡು ಸಂಖ್ಯೆಗಳ ಅನುಪಾತವೂ ಸರಿಯಾಗಿ 14. ಮನೆಯ ಮೀಟರಿನಿಂದ ಬಿಳಿಗಾವಿನ ತಂತಿಯ ತಾಪವನ್ನು ಅಂದಾಜು ಮಾಡಬಹುದೆಂಬುದನ್ನು ಮಗನಿಗೆ ತಪ್ಪದೆ ತೋರಿಸಿ. ಸ್ವಿಚ್ ಹಾಕಿದ ಆ ಕ್ಷಣದಲ್ಲಿ ತಂತಿ ಇನ್ನೂ ತಣ್ಣಗಿರುವುದರಿಂದ 230ನ್ನು 63ರಿಂದ ಭಾಗಿಸಿದಷ್ಟು, ಅಂದರೆ ಮೂರೂವರೆ ಆಂಪಿಯರಿಗೂ ಮೀರಿದ ಪ್ರವಾಹ ನುಗ್ಗಿ, ತಂತಿ ಕಾದಂತೆ ಅದು ಸೆಕೆಂಡಿನ ಸಣ್ಣ ಭಾಗದಲ್ಲೇ ಕಾಲು ಆಂಪಿಯರಿಗೆ ಇಳಿಯುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಗಳಿಗೆಯಲ್ಲೇ ಫ್ಯೂಸ್ ಆಗುತ್ತಿದ್ದುದಕ್ಕೆ ಇದೇ ಕಾರಣ.

ರಾಡಿನಲ್ಲಿ ಈ ವ್ಯತ್ಯಾಸ ಕಾಣದಿರುವುದಕ್ಕೆ ಅದರೊಳಗಿನ ನೈಕ್ರೋಮ್ ತಂತಿ ಕಾರಣ. ನಿಕ್ಕಲ್ ಮತ್ತು ಕ್ರೋಮಿಯಂ ಸೇರಿದ ಈ ಮಿಶ್ರಲೋಹದ ರೋಧ ತಾಪದೊಡನೆ ಬಹಳ ಸ್ವಲ್ಪ ಬದಲಾಗುತ್ತದೆ, ಅದೂ ಅಲ್ಲದೆ ಸುತ್ತಲಿನ ನೀರು ರಾಡನ್ನು ತೀರ ಕೆಂಪಗಾಗಲು ಬಿಡುವುದಿಲ್ಲ.

ತಾಪ ಸ್ಥಿರವಾಗಿರಬೇಕೆಂಬ ಷರತ್ತು ಓಮ್‌ನ ನಿಯಮದ ಜೊತೆಗೇ ಇದೆ. ಮಕ್ಕಳು ಅದನ್ನು ಬಾಯಿಪಾಠದಲ್ಲಿ ಹೇಳಿ ಲೆಕ್ಕದಲ್ಲಿ ಬಿಡುತ್ತಾರೆ. ಜಾರ್ಜ್ ಓಮ್ 1827ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸುವ ಮೊದಲು ನಡೆಸಿದ ಪ್ರಯೋಗಗಳಲ್ಲಿ, ಅಂದಿನ ಬ್ಯಾಟರಿಗಳ ವೋಲ್ಟೇಜು ನಿಲ್ಲುತ್ತಿರಲಿಲ್ಲವೆಂದು, ಬಿಸ್ಮತ್ ಮತ್ತು ತಾಮ್ರದ ಸಂಧಿಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವಿಭವಾಂತರ ಪಡೆದಿದ್ದರು.

ಉತ್ತರ: ಮೋಟಾರ್ ರಿವೈಂಡಿಂಗ್, ಕಾರಟಗಿ

ಉಪನ್ಯಾಸಕರು ಹೇಳಿದ ಮೇಲೆ ಮೋಟಾರಿನ ಮಾತು ಉಳಿಯಿತು. ನಾನು ಅಕ್ಕಿ ಗಿರಣಿಗಳ ಮೋಟಾರ್ ಮತ್ತು ಹೊಲದ ಪಂಪ್‌ಸೆಟ್ ಕಟ್ಟುವವನು, ಆದ್ದರಿಂದ ಕೆಲಸದ ಕಡೆಯಿಂದ ಹೇಳುತ್ತೇನೆ.

ಮಲ್ಟಿಮೀಟರ್ ತೋರಿಸಿದ 9 ಓಮ್ ವೈಂಡಿಂಗಿನ ತಾಮ್ರದ ತಂತಿಯ ರೋಧ. ಮೋಟಾರ್ ತಿರುಗುವಾಗ ಪ್ರವಾಹವನ್ನು ತಡೆಯುವುದು ಈ ತಾಮ್ರ ಒಂದೇ ಅಲ್ಲ. ಎಸಿ ಪ್ರವಾಹ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಸುರುಳಿಯ ಕಾಂತಕ್ಷೇತ್ರವೂ ಬದಲಾಗಿ, ಅದು ಸುರುಳಿಯಲ್ಲೇ ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ನೀವು ಕೊಟ್ಟ 215 ವೋಲ್ಟಿನಲ್ಲಿ ಹೆಚ್ಚಿನ ಪಾಲು ಆ ಎದುರು ವೋಲ್ಟೇಜನ್ನು ಸರಿದೂಗಿಸುವುದಕ್ಕೇ ಹೋಗುತ್ತದೆ. ಆದ್ದರಿಂದ ಭಾಗಿಸಿ ಬಂದ 61 ಓಮನ್ನು ರೋಧ ಎನ್ನದೆ ಇಂಪೀಡೆನ್ಸ್ ಎನ್ನುತ್ತಾರೆ. ರೋಟರ್ ಜಾಮ್ ಆಗಿ ನಿಂತರೆ ಈ ಎದುರಿಕೆಯ ಬಹುಪಾಲು ಹೋಗಿ, ಪ್ರವಾಹ ಮಾಮೂಲಿಗಿಂತ ಐದಾರು ಪಟ್ಟು ಏರುತ್ತದೆ. ಸುಟ್ಟ ವಾಸನೆ ಬಂದ ಮೇಲೆ ಮೋಟಾರು ನಮ್ಮ ಅಂಗಡಿಗೆ ಬರುವುದು ಹೆಚ್ಚಾಗಿ ಹೀಗೆಯೇ.

ವಾಟಿನ ಲೆಕ್ಕಕ್ಕೆ ಬಂದರೆ, ಮೋಟಾರಿನಲ್ಲಿ ಪ್ರವಾಹ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹೀಗಾಗಿ ಪ್ರತಿ ಆವರ್ತದಲ್ಲೂ ಒಂದಿಷ್ಟು ಶಕ್ತಿ ಮೋಟಾರಿಗೆ ಹೋಗಿ, ಕೆಲಸ ಮಾಡದೆ ಲೈನಿಗೆ ಮರಳುತ್ತದೆ. ಕ್ಲ್ಯಾಂಪ್ ಮೀಟರ್ ಈ ಓಡಾಟವನ್ನೂ ಸೇರಿಸಿ ಆಂಪಿಯರ್ ತೋರಿಸುತ್ತದೆ. ನೀವು ಗುಣಿಸಿ ಪಡೆದ 752 ಆ ಕಾರಣಕ್ಕೆ ವಾಟ್ ಅಲ್ಲ, ವೋಲ್ಟ್-ಆಂಪಿಯರ್. ಅದರಲ್ಲಿ ಎಷ್ಟು ಪಾಲು ನಿಜವಾಗಿ ಬಳಕೆಯಾಯಿತು ಎಂದು ಹೇಳುವ ಸಂಖ್ಯೆಗೆ ಪವರ್ ಫ್ಯಾಕ್ಟರ್ ಎನ್ನುತ್ತಾರೆ, ಅದರಿಂದ ಗುಣಿಸಿದರೆ ನಿಜವಾದ ವಾಟ್ ಸಿಗುತ್ತದೆ. ರಾಡ್, ಇಸ್ತ್ರಿ ಪೆಟ್ಟಿಗೆ, ತಂತಿ ಬಲ್ಬುಗಳಿಗೆ ಪವರ್ ಫ್ಯಾಕ್ಟರ್ 1 ಇರುವುದರಿಂದ ಅಲ್ಲಿ ಈ ಮಾತು ಬರುವುದಿಲ್ಲ.

ಪವರ್ ಫ್ಯಾಕ್ಟರನ್ನು ಊಹಿಸುವ ಬದಲು ಮನೆಯ ವಿದ್ಯುತ್ ಮೀಟರಿನಿಂದಲೇ ತಿಳಿಯುವ ಉಪಾಯವೊಂದಿದೆ. ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಒಂದು ಯೂನಿಟಿಗೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಬರೆದಿರುತ್ತದೆ. ಅದು 3200 ಎಂದಿಟ್ಟುಕೊಳ್ಳೋಣ. ಉಳಿದೆಲ್ಲವನ್ನೂ ಆರಿಸಿ, ಮೋಟಾರ್ ಒಂದನ್ನೇ ಓಡಿಸಿ, ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿಣುಕಿತೆಂದು ಎಣಿಸಿ. 30 ಸಲ ಮಿಣುಕಿದರೆ, 30ನ್ನು 3200ರಿಂದ ಭಾಗಿಸಿ 60ರಿಂದ ಗುಣಿಸಿದಾಗ ಗಂಟೆಗೆ 0.5625 ಯೂನಿಟ್ ಬರುತ್ತದೆ, ಒಂದು ಯೂನಿಟ್ ಎಂದರೆ 1000 ವಾಟ್ ಒಂದು ಗಂಟೆ ಓಡಿದಷ್ಟು, ಅಂದರೆ ಇದು 562 ವಾಟ್. ಇದನ್ನು 752ರಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್ ಸುಮಾರು 0.75 ಎಂದಾಯಿತು. ಈ ಗಾತ್ರದ ಮೋಟಾರಿಗೆ ಅದು ಸಹಜ ಸಂಖ್ಯೆ. ಮೀಟರ್ ನಿಜವಾದ ವಾಟನ್ನೇ ಲೆಕ್ಕ ಹಿಡಿಯುವುದರಿಂದ ಮನೆಯ ಬಿಲ್ಲಿನಲ್ಲಿ ಯೂನಿಟ್ ಏರುವುದು 562ರ ಲೆಕ್ಕದಲ್ಲಿ, 752ರ ಲೆಕ್ಕದಲ್ಲಲ್ಲ.

ಇನ್ನು 562ಕ್ಕೂ ಮಗ ಹೇಳಿದ 373ಕ್ಕೂ ಇರುವ ಅಂತರ. ಒಂದು ಎಚ್‌ಪಿಗೆ 746 ವಾಟ್ ಎಂಬ ಲೆಕ್ಕ ಸರಿ, ಆದರೆ ಮೋಟಾರಿನ ಪ್ಲೇಟಿನ ಮೇಲಿನ ಎಚ್‌ಪಿ ಶಾಫ್ಟಿನಲ್ಲಿ ಹೊರಬರುವ ಸಾಮರ್ಥ್ಯ. ಒಳಗೆ ಹೋದದ್ದರಲ್ಲಿ ತಾಮ್ರದ ಕಾವಿಗೆ ಒಂದು ಪಾಲು ಹೋಗುತ್ತದೆ: 3.5ರ ವರ್ಗವನ್ನು 9ರಿಂದ ಗುಣಿಸಿದರೆ 110 ವಾಟ್. ಕೆಪಾಸಿಟರ್ ಇರುವ ಮೋಟಾರಿನಲ್ಲಿ ಪ್ರವಾಹ ಎರಡು ವೈಂಡಿಂಗಿಗೆ ಹಂಚಿಹೋಗುವುದರಿಂದ ಇದು ಬರೀ ಅಂದಾಜು. ಉಳಿದದ್ದರಲ್ಲಿ ಕಬ್ಬಿಣದ ಸ್ಟಾಂಪಿಂಗಿನ ಕಾವು, ಬೇರಿಂಗಿನ ತಿಕ್ಕಾಟ, ಫ್ಯಾನಿನ ಗಾಳಿ ಎಲ್ಲ ಕಳೆದು ಮೂರೂವರೆ ನೂರು ವಾಟಿನ ಆಸುಪಾಸು ಪಂಪಿಗೆ ಸಿಗುತ್ತದೆ. ಅರ್ಧ ಎಚ್‌ಪಿಯ ಸಣ್ಣ ಮೋಟಾರಿನಿಂದ ಇದಕ್ಕಿಂತ ಹೆಚ್ಚು ಬಯಸುವುದು ನ್ಯಾಯವಲ್ಲ.

ವೋಲ್ಟೇಜು ಇಳಿದಾಗ ಮೋಟಾರ್ ರಾಡಿನಂತೆ ತನ್ನ ವಾಟನ್ನು ತಗ್ಗಿಸಿಕೊಳ್ಳುವುದಿಲ್ಲ ಎಂಬುದನ್ನೂ ಗಮನಿಸಿ. ಎತ್ತುವ ನೀರಿನ ಭಾರ ಹಾಗೆಯೇ ಇರುವುದರಿಂದ ಅದು ಹೆಚ್ಚು ಪ್ರವಾಹ ಎಳೆಯುತ್ತದೆ, ತಾಮ್ರದ ಕಾವು ಪ್ರವಾಹದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಭತ್ತಕ್ಕೆ ನೀರು ಬಿಡುವ ಕಾಲದಲ್ಲಿ ಎಲ್ಲ ಪಂಪ್‌ಸೆಟ್‌ಗಳೂ ಒಟ್ಟಿಗೆ ಓಡಿ ವೋಲ್ಟೇಜು ಕುಸಿದಾಗ ವೈಂಡಿಂಗ್ ಸುಡುವುದು ಇದರಿಂದಲೇ.

ಪ್ರಶ್ನೆ: ಪಿಯುಸಿ ವಿದ್ಯಾರ್ಥಿನಿ, ಕೊಪ್ಪಳ

ಸರ್, ಇದೇ ಎಳೆಯಲ್ಲಿ ನನ್ನದೊಂದು ಸಂದೇಹವಿದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸಾಮರ್ಥ್ಯ ಎನ್ನುತ್ತಾರೆ, ಹಾಗಿದ್ದರೆ ರೋಧ ಹೆಚ್ಚಾದಷ್ಟೂ ಕಾವು ಹೆಚ್ಚಬೇಕು. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೂ ಸಾಮರ್ಥ್ಯವೇ ಎನ್ನುತ್ತಾರೆ, ಹಾಗಿದ್ದರೆ ರೋಧ ಹೆಚ್ಚಾದಷ್ಟೂ ಕಾವು ಕಡಿಮೆಯಾಗಬೇಕು. 2000 ವಾಟಿನ ಗೀಸರಿನ ರೋಧ 26 ಓಮ್, 1000 ವಾಟಿನ ರಾಡಿನ ರೋಧ 53 ಓಮ್ ಎಂದು ಲೆಕ್ಕ ಬರುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಭೌತಶಾಸ್ತ್ರ ಉಪನ್ಯಾಸಕ, ಬಳ್ಳಾರಿ

ಎರಡೂ ಸರಿ, ತಾಯಿ. ವೋಲ್ಟೇಜು ಮತ್ತು ಪ್ರವಾಹಗಳಲ್ಲಿ ಯಾವುದು ಬದಲಾಗದೆ ನಿಂತಿದೆ ಎಂಬುದನ್ನು ಮೊದಲು ನೋಡಬೇಕು. ಮನೆಯಲ್ಲಿ ಎಲ್ಲವೂ ಸಮಾಂತರವಾಗಿ ಜೋಡಿಸಿರುವುದರಿಂದ ಗೀಸರಿಗೂ ರಾಡಿಗೂ ಒಂದೇ ವೋಲ್ಟೇಜು ಸಿಗುತ್ತದೆ. ಅಲ್ಲಿ ಕಡಿಮೆ ರೋಧದ್ದು ಹೆಚ್ಚು ಪ್ರವಾಹ ಎಳೆದು ಹೆಚ್ಚು ಕಾಯುತ್ತದೆ. ಸರಣಿಯಲ್ಲಿ ಜೋಡಿಸಿದರೆ ಎರಡರಲ್ಲೂ ಹರಿಯುವ ಪ್ರವಾಹ ಒಂದೇ, ಆಗ ಹೆಚ್ಚು ರೋಧದ್ದು ಹೆಚ್ಚು ಕಾಯುತ್ತದೆ. 60 ವಾಟ್ ಮತ್ತು 100 ವಾಟಿನ ತಂತಿ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ, 60 ವಾಟಿನದೇ ಹೆಚ್ಚು ಬೆಳಗುತ್ತದೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೇಷ್ಟ್ರ ಎದುರಿಗೆ ಇದನ್ನು ಮಾಡಿ ನೋಡಬಹುದು.

ಗೀಸರಿಗೆ ಹೋಗುವ ತಂತಿಯನ್ನೂ ಇದೇ ಕಣ್ಣಿನಿಂದ ನೋಡಿ. ತಂತಿಯೂ ಗೀಸರೂ ಸರಣಿಯಲ್ಲಿವೆ. ತಂತಿಯಲ್ಲಿ ಹರಿಯುವ ಪ್ರವಾಹವನ್ನು ಬಹುಮಟ್ಟಿಗೆ ಗೀಸರೇ ನಿರ್ಧರಿಸುತ್ತದೆ. ಹೀಗಾಗಿ ತಂತಿಯ ಮಟ್ಟಿಗೆ ಪ್ರವಾಹ ಸ್ಥಿರವಿದ್ದಂತೆ, ಅದರ ರೋಧ ಹೆಚ್ಚಾದಷ್ಟೂ ಅದು ಬಿಸಿಯಾಗುತ್ತದೆ. ಗೀಸರಿಗೆ ದಪ್ಪ ತಂತಿ ಎಳೆಯಬೇಕೆನ್ನುವುದು ಇದಕ್ಕೇ.

ದೂರದ ವಿದ್ಯುತ್ ಸಾಗಣೆಯಲ್ಲಿ ಈ ತತ್ತ್ವದ ದೊಡ್ಡ ರೂಪ ಕಾಣುತ್ತದೆ. ರಾಯಚೂರು ಹತ್ತಿರದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 210 ಮೆಗಾವಾಟಿನ ಘಟಕಗಳಿವೆ. ಅಂಥ ಒಂದು ಘಟಕದ ಸಾಮರ್ಥ್ಯವನ್ನು ಊರುಗಳ ಲೈನಿನಂತೆ 11 ಕಿಲೋವೋಲ್ಟಿನಲ್ಲಿ ಕಳಿಸುವುದಾದರೆ, ತ್ರೀ ಫೇಸ್ ಲೆಕ್ಕದಲ್ಲಿ, ಪವರ್ ಫ್ಯಾಕ್ಟರ್ 1 ಎಂದು ಹಿಡಿದರೂ, ಪ್ರತಿ ತಂತಿಯಲ್ಲಿ 11,000 ಆಂಪಿಯರ್ ಹರಿಯಬೇಕಾಗುತ್ತದೆ. 220 ಕಿಲೋವೋಲ್ಟಿಗೆ ಏರಿಸಿದರೆ 551 ಆಂಪಿಯರ್ ಸಾಕು. ಪ್ರವಾಹ ಇಪ್ಪತ್ತನೆಯ ಒಂದು ಪಾಲಾದಾಗ, ತಂತಿಯ ರೋಧ ಅದೇ ಇದ್ದರೂ ಅದರಲ್ಲಿ ಕಾವಾಗಿ ಹೋಗುವ ಸಾಮರ್ಥ್ಯ ನಾನೂರನೆಯ ಒಂದು ಪಾಲಾಗುತ್ತದೆ. ಇಲ್ಲಿ 220 ಕಿಲೋವೋಲ್ಟನ್ನೇ ವರ್ಗ ಮಾಡಿ ತಂತಿಯ ರೋಧದಿಂದ ಭಾಗಿಸಲು ಹೋಗುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಆ 220 ಕಿಲೋವೋಲ್ಟ್ ಇರುವುದು ಒಂದು ತಂತಿಗೂ ಇನ್ನೊಂದಕ್ಕೂ ನಡುವೆ. ಒಂದೇ ತಂತಿಯ ಈ ತುದಿಗೂ ಆ ತುದಿಗೂ ನಡುವೆ ಇರುವ ವೋಲ್ಟೇಜು ಅದರ ಸಣ್ಣ ಅಂಶ ಮಾತ್ರ. ಯಾವ ರೋಧದ ಕಾವು ಬೇಕೋ ಆ ರೋಧದ ಎರಡು ತುದಿಗಳ ನಡುವಣ ವೋಲ್ಟೇಜನ್ನೇ ಸೂತ್ರಕ್ಕೆ ಹಾಕಬೇಕು.

ಮರುಪ್ರಶ್ನೆ: ಪಾಲಕ, ಸಿಂಧನೂರು

ತಮ್ಮೆಲ್ಲರಿಗೂ ಧನ್ಯವಾದಗಳು. ಮೀಟರಿನ ದೀಪ ಎಣಿಸುವ ಉಪಾಯ ಮಗನಿಗೆ ಬಹಳ ಹಿಡಿಸಿದೆ. ತಂತಿಯ ಮಾತು ಬಂದದ್ದರಿಂದ ಇನ್ನೊಂದು ಅಳತೆ ಹೇಳುತ್ತೇನೆ. ರಾಡ್ ಹಾಕುವ ಮೊದಲು ಅದೇ ಸಾಕೆಟ್ಟಿನಲ್ಲಿ 214 ವೋಲ್ಟ್ ಇರುತ್ತದೆ, ಹಾಕಿದ ಕೂಡಲೇ 205 ಆಗುತ್ತದೆ, ತೆಗೆದರೆ ಮತ್ತೆ 214ಕ್ಕೆ ಬರುತ್ತದೆ. ಸಾಕೆಟ್ಟಿನ ಮುಖವೂ ಸ್ವಲ್ಪ ಬೆಚ್ಚಗಾಗುತ್ತದೆ. ಮನೆ ಕಂಬದಿಂದ ಸುಮಾರು 40 ಮೀಟರ್ ದೂರದಲ್ಲಿದೆ. ಸರ್ವಿಸ್ ವೈರ್ 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ, ಒಳಗಿನ ವೈರಿಂಗ್ 1.5 ಚದರ ಮಿಲಿಮೀಟರಿನ ತಾಮ್ರ. ಸಾಕೆಟ್ಟಿಗೆ 15 ಮೀಟರ್ ಇರಬಹುದು. ಈ 9 ವೋಲ್ಟ್ ಎಲ್ಲಿ ಹೋಗುತ್ತಿದೆ ಎಂಬುದನ್ನೂ ಲೆಕ್ಕದಿಂದ ಹಿಡಿಯಬಹುದೇ?

ಉತ್ತರ: ಮೋಟಾರ್ ರಿವೈಂಡಿಂಗ್, ಕಾರಟಗಿ

ಖಂಡಿತವಾಗಿ ಹಿಡಿಯಬಹುದು. ಕಳೆದುಹೋದ 9 ವೋಲ್ಟನ್ನು 3.9 ಆಂಪಿಯರಿನಿಂದ ಭಾಗಿಸಿದರೆ 2.3 ಓಮ್ ಬರುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಸಾಕೆಟ್ಟಿನವರೆಗಿನ ಹೋಗುವ ಬರುವ ದಾರಿಯ ಒಟ್ಟು ರೋಧ ಇದು. ಈಗ ತಂತಿಗಳಿಗೆ ಇದರಲ್ಲಿ ಎಷ್ಟು ಸಲ್ಲುತ್ತದೆ ನೋಡೋಣ. 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಗೂ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಗೂ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ ಇರುತ್ತದೆ. ಸರ್ವಿಸ್ ವೈರ್ ಹೋಗಿ ಬರುವ ದಾರಿ 80 ಮೀಟರ್ ಆದುದರಿಂದ ಅಲ್ಲಿ ಒಂದು ಓಮಿಗೆ ತುಸು ಕಡಿಮೆ, ಒಳಗಿನ ವೈರಿಂಗ್ 30 ಮೀಟರಿಗೆ 0.36 ಓಮ್. ಎರಡೂ ಸೇರಿ 1.3 ಓಮ್. ಇನ್ನೂ ಒಂದು ಓಮ್ ಉಳಿಯುತ್ತದೆ. ಕಂಬದಾಚೆಯ ಲೈನಿಗೆ ಅದರಲ್ಲಿ ಒಂದು ಪಾಲು ಕೊಟ್ಟರೂ, ಸಾಕೆಟ್ಟು ಬೆಚ್ಚಗಾಗುತ್ತಿದೆ ಎಂದ ಮೇಲೆ ಉಳಿದದ್ದು ಯಾವುದೋ ಸಡಿಲ ಜೋಡಣೆಯಲ್ಲಿದೆ ಎಂದೇ ನನ್ನ ಅನುಮಾನ.

ಒಂದು ಓಮ್ ಇಡಿಯಾಗಿ ಒಂದೇ ಸ್ಕ್ರೂವಿನ ಕೆಳಗೆ ಇದ್ದರೆ, 3.9ರ ವರ್ಗದಷ್ಟು, ಅಂದರೆ 15 ವಾಟ್ ಕಾವು ಆ ಜಾಗದಲ್ಲೇ ಹುಟ್ಟುತ್ತದೆ. 80 ಮೀಟರ್ ತಂತಿಯ ಉದ್ದಕ್ಕೂ ಅಷ್ಟೇ ಕಾವು ಹರಡಿದರೆ ಕೈಗೆ ತಿಳಿಯುವುದೂ ಇಲ್ಲ, ಸಾಕೆಟ್ಟಿನ ಪಿನ್ನಿನ ಬುಡದಲ್ಲಿ ಹುಟ್ಟಿದರೆ ಅದು ಸಣ್ಣ ಸೋಲ್ಡರಿಂಗ್ ಐರನ್ನಿನಂತೆ ಕೆಲಸ ಮಾಡುತ್ತದೆ. ರಾಡಿನ ಜೊತೆಗೆ ಇಸ್ತ್ರಿ ಪೆಟ್ಟಿಗೆಯನ್ನೂ ಹಚ್ಚಿ ಪ್ರವಾಹ 8 ಆಂಪಿಯರ್ ಆದರೆ ಅದೇ ಜಾಗದಲ್ಲಿ 64 ವಾಟ್. ಕಾವಿನಿಂದ ಲೋಹದ ಮೇಲೆ ಕಿಲುಬು ಹತ್ತಿ ರೋಧ ಇನ್ನಷ್ಟು ಏರುತ್ತದೆ, ಏರಿದ ರೋಧದಿಂದ ಕಾವು ಇನ್ನಷ್ಟು ಹೆಚ್ಚುತ್ತದೆ. ಪ್ರವಾಹ ಮಿತಿ ಮೀರಿದರೆ ತಾನೇ ಆರುವ ಎಂಸಿಬಿ ಸ್ವಿಚ್ಚು ಇದಕ್ಕೆ ಟ್ರಿಪ್ ಆಗುವುದಿಲ್ಲ, ಏಕೆಂದರೆ ಅದರ ಲೆಕ್ಕಕ್ಕೆ ಪ್ರವಾಹ ಹೆಚ್ಚಾಗಿಯೇ ಇಲ್ಲ.

ಜಾಗ ಹುಡುಕುವ ಕ್ರಮ ಹೀಗೆ. ರಾಡ್ ಇಲ್ಲದಾಗ ಮತ್ತು ಇದ್ದಾಗ, ಮೊದಲು ಮೇನ್ ಸ್ವಿಚ್ಚಿನ ಬಳಿ, ಆಮೇಲೆ ಕೋಣೆಗಳಿಗೆ ಲೈನ್ ಹಂಚುವ ಡಿಬಿ ಪೆಟ್ಟಿಗೆಯಲ್ಲಿ, ಕೊನೆಗೆ ಸಾಕೆಟ್ಟಿನಲ್ಲಿ ವೋಲ್ಟೇಜು ಅಳೆಯಬೇಕು. ಇಳಿತ ಮೇನ್ ಸ್ವಿಚ್ಚಿನಲ್ಲೇ 8 ವೋಲ್ಟ್ ಕಂಡರೆ ದೋಷ ಹೊರಗಿದೆ. ಅಲ್ಲಿ 4 ವೋಲ್ಟ್ ಮಾತ್ರ ಇದ್ದು ಸಾಕೆಟ್ಟಿನಲ್ಲಿ 9 ಆದರೆ, ಉಳಿದ 5 ವೋಲ್ಟ್ ಮನೆಯೊಳಗೆ ಹೋಗುತ್ತಿದೆ, ಒಳಗಿನ ತಂತಿಗೆ ನ್ಯಾಯವಾಗಿ ಸಲ್ಲುವುದು ಒಂದೂವರೆ ವೋಲ್ಟಿಗಿಂತ ಹೆಚ್ಚಲ್ಲ. ಮುಚ್ಚಳ ತೆಗೆದ ಪೆಟ್ಟಿಗೆಯಲ್ಲಿ ಚಾಲೂ ಲೈನಿನ ಅಳತೆ ಮಾಡುವ ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ, ಮಗ ದೂರ ನಿಂತು ಸಂಖ್ಯೆ ಬರೆದುಕೊಳ್ಳಲಿ. ದೋಷ ಮೀಟರಿಗಿಂತ ಮುಂಚೆ, ಕಂಬದ ಕಡೆ ಇದ್ದರೆ ಮನೆಯವರು ಕೈ ಹಾಕುವಂತಿಲ್ಲ, ಲೈನ್‌ಮನ್‌ಗೆ ಹೇಳಬೇಕು. ಅಲ್ಲಿಯವರೆಗೆ ರಾಡನ್ನು ಬೇರೆ ಸಾಕೆಟ್ಟಿಗೆ ಬದಲಿಸಿ, ಆ ಬೆಚ್ಚಗಾಗುವ ಸಾಕೆಟ್ಟನ್ನು ಬಳಸಬೇಡಿ. ಆರು ಆಂಪಿಯರಿನ ಸಣ್ಣ ಸಾಕೆಟ್ಟು ಅದಾಗಿದ್ದರೆ, ಸ್ಕ್ರೂ ಬಿಗಿ ಮಾಡಿಸುವ ಬದಲು ಹದಿನಾರು ಆಂಪಿಯರಿನದನ್ನೇ ಹಾಕಿಸಿ, ಅದರವರೆಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೂ ಎಳೆಸಿಬಿಡಿ.